ಉಪ್ಪುನೀರಿನ ತೊಟ್ಟಿಯಲ್ಲಿ ಕುಸಿದ ಕಲ್ಲುಗಳನ್ನು ಮತ್ತೆ ಕೂರಿಸಿದ ದಿನಚರಿ

ಜನವರಿ 19ರ ರಾತ್ರಿ ಸುಮಾರು 1 ಗಂಟೆ 40 ನಿಮಿಷಕ್ಕೆ ಹಜಾರದಿಂದ ‘ಠಣ್’ ಎಂಬ ಸದ್ದು ಕೇಳಿ ಎಚ್ಚರವಾಯಿತು. ಅಲ್ಲಿರುವ ನಮ್ಮ ಮೀನಿನ ತೊಟ್ಟಿಯಲ್ಲಿ (ಅಕ್ವೇರಿಯಂನಲ್ಲಿ) ಪಿಸ್ತೂಲು ಸೀಗಡಿಯೊಂದು ಇರುವುದರಿಂದ ರಾತ್ರಿಯ ಸದ್ದುಗಳು ಮನೆಯವರಿಗೆಲ್ಲ ಅಭ್ಯಾಸವಾಗಿದ್ದವು. ಅದು ಇಕ್ಕಳದಂಥ ತನ್ನ ದೊಡ್ಡ ಮುಂಗಾಲನ್ನು ಫಟ್ಟನೆ ಮುಚ್ಚಿದರೆ ಗಾಜಿಗೆ ಯಾರೋ ಗೋಲಿ ಹೊಡೆದಂತೆ ಕೇಳಿಸುತ್ತದೆ. ಇದೂ ಅದೇ ಇರಬೇಕೆಂದುಕೊಂಡು ಮಗ್ಗುಲು ಬದಲಿಸಿ ಮಲಗಿದೆ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ಮೊದಲ ತಪ್ಪು ಅದು.

ಬೆಳಿಗ್ಗೆ ದೀಪ ಹಾಕಿ ನೋಡಿದಾಗ ಎಡಗಡೆಯ ಕಲ್ಲಿನ ರಾಶಿಯ ತಲೆಯ ಮೇಲಿದ್ದ 3.8 ಕೆ.ಜಿ. ತೂಕದ ಕಲ್ಲು ಉರುಳಿ ಬಂದು ಎದುರಿನ ಗಾಜಿಗೆ ಒರಗಿ ನಿಂತಿತ್ತು. ಗಾಜು ಒಡೆದಿರಲಿಲ್ಲ. ಎರಡು ಕ್ಲೌನ್ ಮೀನುಗಳೂ ಗೋಬಿ ಎಂಬ ಸಣ್ಣ ಮೀನೂ ಸುರಕ್ಷಿತವಾಗಿದ್ದವು. ಒಂದು ಟರ್ಬೊ ಬಸವನಹುಳು ಮಾತ್ರ ಕಲ್ಲಿನಡಿ ಸಿಕ್ಕಿ ಸತ್ತಿತ್ತು.

ತೊಟ್ಟಿಯ ಅಳತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಉದ್ದ 4 ಅಡಿ, ಅಗಲ 18 ಇಂಚು, ಎತ್ತರ 20 ಇಂಚು, ಗಾಜಿನ ದಪ್ಪ 10 ಮಿ.ಮೀ. ನೀರಿನ ಮೇಲೆ ಬಿಟ್ಟ ಖಾಲಿ ಜಾಗ, ಕಲ್ಲು ಮತ್ತು ಮರಳನ್ನು ಕಳೆದರೆ ನಿಜವಾಗಿ ಹಿಡಿಯುವ ನೀರು ಸುಮಾರು 225 ಲೀಟರ್. ಗಾಜು, ನೀರು, ಕಲ್ಲು, ಮರಳು ಎಲ್ಲ ಸೇರಿ ಸ್ಟ್ಯಾಂಡಿನ ಮೇಲೆ ಹೆಚ್ಚುಕಡಿಮೆ 330 ಕೆ.ಜಿ. ಕೂತಿದೆ. ಮಂಗಳೂರಿನ ನಮ್ಮ ಮನೆಯ ಹಜಾರದಲ್ಲಿ ಇಷ್ಟು ಉಪ್ಪುನೀರು ಒಮ್ಮೆಲೇ ನೆಲಕ್ಕೆ ಹರಿದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸುವ ಗೋಜಿಗೆ ಹೋಗದೆ ಕೆಲಸಕ್ಕೆ ಇಳಿದೆ.

ಜನವರಿ 20: ಕಲ್ಲನ್ನು ಎತ್ತಿದ್ದು

ಒರಗಿದ ಕಲ್ಲನ್ನು ತೆಗೆಯುವ ಮೊದಲು ನೀರನ್ನು ಅರ್ಧಕ್ಕೆ ಇಳಿಸಿದರೆ ಗಾಜಿನ ಮೇಲಿನ ಒತ್ತಡ ಕಡಿಮೆಯಾದೀತು ಎಂದು ಲೆಕ್ಕ ಹಾಕಿ ಪೈಪು ಹಾಕಿ ನೀರೆಳೆಯತೊಡಗಿದೆ. ಇದು ಎರಡನೆಯ ತಪ್ಪು. ನೀರಿನೊಳಗಿರುವ ಕಲ್ಲನ್ನು ನೀರೇ ಒಂದಷ್ಟು ಎತ್ತಿ ಹಿಡಿದಿರುತ್ತದೆ. ಮಟ್ಟ ಇಳಿದು ಕಲ್ಲಿನ ತಲೆ ಹೊರಗೆ ಬರುತ್ತಿದ್ದಂತೆ ಅದರ ಭಾರವೆಲ್ಲ ಗಾಜಿನ ಮೇಲೆ ಬೀಳತೊಡಗಿತು. ಟಾರ್ಚ್ ಹಿಡಿದು ನಿಂತಿದ್ದ ಮಗಳು “ಅಪ್ಪಾ, ಕಲ್ಲು ಜಾರ್ತಾ ಉಂಟು!” ಎಂದು ಕೂಗಿದಾಗಲೇ ಗಾಜಿನ ಮೇಲೆ ಕಲ್ಲು ಕಿರ್ರೆಂದು ಉಜ್ಜುವ ಸದ್ದು ನನಗೂ ಕೇಳಿಸಿತು. ಪೈಪನ್ನು ಎಳೆದು ಬಿಸಾಡಿ, ಎರಡೂ ಕೈ ಇಳಿಸಿ, ಕಲ್ಲನ್ನು ಮೊದಲು ಹಿಂದಕ್ಕೆ ತಳ್ಳಿ ಆಮೇಲೆ ಮೇಲಕ್ಕೆ ಎತ್ತಿದೆ. ಗಾಜಿಗೆ ಒರಗಿದ ಕಲ್ಲನ್ನು ತೆಗೆಯಬೇಕಾದವರು ತೊಟ್ಟಿ ತುಂಬಿರುವಾಗಲೇ, ನೀರಿನೊಳಗೇ, ಮೊದಲು ಗಾಜಿನಿಂದ ದೂರ ಸರಿಸಿ ಎತ್ತಬೇಕು. ನೀರು ಇಳಿಸುವುದು ಆಮೇಲಿನ ಮಾತು. ವೇವ್‌ಮೇಕರ್ (ನೀರಿನಲ್ಲಿ ಅಲೆ ಎಬ್ಬಿಸುವ ಪಂಪು) ಮತ್ತು ದೀಪದ ಪ್ಲಗ್ಗುಗಳನ್ನು ಕೈ ಹಾಕುವ ಮೊದಲೇ ಕಿತ್ತಿಟ್ಟಿದ್ದೆ ಎಂಬುದೊಂದೇ ಆ ದಿನ ನಾನು ನೆಟ್ಟಗೆ ಮಾಡಿದ ಕೆಲಸ.

ಗಾಜಿನ ಒಳಮೈಯಲ್ಲಿ 9 ಸೆಂ.ಮೀ. ಉದ್ದದ ಗೀರು ಬಿದ್ದಿದೆ. ಉಗುರನ್ನು ಅಡ್ಡ ಎಳೆದರೆ ತುಸು ಸಿಕ್ಕಿಕೊಳ್ಳುತ್ತದೆ. ಆದರೆ ಗೀರಿನ ತುದಿಯಿಂದ ಬಿರುಕು ಮುಂದುವರಿದಿಲ್ಲ, ಗಾಜಿನ ಅಂಚಿನ ಹತ್ತಿರವೂ ಇಲ್ಲ. ಎರಡೂ ತುದಿಗೆ ಹೊರಗಿನಿಂದ ಮಾರ್ಕರ್‌ನಲ್ಲಿ ಗುರುತು ಹಾಕಿ, ವಾರಕ್ಕೊಮ್ಮೆ ನೋಡುವುದೆಂದು ತೀರ್ಮಾನಿಸಿದೆ. ಮೂಲೆಗಳ ಸಿಲಿಕೋನ್ ಪಟ್ಟಿಗೆ ಏನೂ ಆಗಿರಲಿಲ್ಲ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಒಂದು ವರ್ಷದ ಹಿಂದೆ ತೊಟ್ಟಿ ಕಟ್ಟಿದಾಗ ನಾನು ಮೊದಲು ಎರಡು ಇಂಚು ಮರಳು ಹರಡಿ, ಅದರ ಮೇಲೆ 32 ಕೆ.ಜಿ. ಒಣ ಕಲ್ಲನ್ನು ಗೋಡೆಯಂತೆ ಪೇರಿಸಿ, ಹಿಂಬದಿಯ ಗಾಜಿಗೆ ಒರಗಿಸಿದ್ದೆ. ನೋಡುವುದಕ್ಕೆ ಚೆನ್ನಾಗಿತ್ತು. ಪಿಸ್ತೂಲು ಸೀಗಡಿಯೂ ಅದರ ಜೊತೆಗಾರ ಗೋಬಿಯೂ ನಾಲ್ಕು ತಿಂಗಳಿಂದ ಎಡಗಡೆಯ ಅಡಿಗಲ್ಲಿನ ಕೆಳಗೆ ಬಿಲ ತೋಡುತ್ತಿದ್ದವು: ಸೀಗಡಿ ಬುಲ್ಡೋಜರಿನಂತೆ ಮರಳನ್ನು ಹೊರಗೆ ದೂಡುತ್ತಿತ್ತು, ಗೋಬಿ ಬಾಗಿಲಲ್ಲಿ ಕಾವಲು ಕೂತಿರುತ್ತಿತ್ತು. ಅದನ್ನು ನೆಂಟರಿಗೆ ಕರೆದು ತೋರಿಸಿದವನೂ ನಾನೇ. ಅಡಿಪಾಯ ತೋಡುವುದನ್ನು ಮೆಚ್ಚಿಕೊಂಡು ನೋಡುತ್ತ ಕೂತಿದ್ದೆ ಎಂಬುದು ಹೊಳೆಯಲು ಕಲ್ಲು ಬೀಳಬೇಕಾಯಿತು.

ಜನವರಿ 21 ಮತ್ತು 22: ತೊಟ್ಟಿ ಖಾಲಿ

ಜೀವಿಗಳನ್ನು ಸುರತ್ಕಲ್‌ನಲ್ಲಿರುವ ಗೆಳೆಯನ ತೊಟ್ಟಿಗೆ ಸಾಗಿಸಿದೆ. ಸೀಗಡಿಯನ್ನು ಹಿಡಿಯಲು ಎರಡು ಗಂಟೆ ಹಿಡಿಯಿತು. ಹಳೆಯ ನೀರಿನಲ್ಲಿ ಸುಮಾರು ನೂರು ಲೀಟರನ್ನು ನೀಲಿ ಡ್ರಮ್ಮಿಗೆ ತುಂಬಿ, ಕಲ್ಲುಗಳನ್ನೆಲ್ಲ ಅದರಲ್ಲಿ ಮುಳುಗಿಸಿ, ಒಂದು ಸಣ್ಣ ಪಂಪು ಹಾಕಿ, ಮುಚ್ಚಳ ಮುಚ್ಚಿದೆ. ಮೀನಿಗೆ ವಿಷವಾದ ಅಮೋನಿಯವನ್ನು ಇಲ್ಲವಾಗಿಸುವ ಬ್ಯಾಕ್ಟೀರಿಯಾ ಕಲ್ಲಿನ ರಂಧ್ರಗಳಲ್ಲಿ ಬೆಳೆದಿರುತ್ತದೆ; ಅದು ಉಳಿಯಲೆಂದು ವಾರಕ್ಕೆರಡು ಬಾರಿ ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದೆ. ಮಂಗಳೂರಿನ ಸೆಕೆಗೆ ಹೀಟರಿನ ಅಗತ್ಯ ಬೀಳಲಿಲ್ಲ. ಹಳೆಯ ಮರಳನ್ನು ಕೆದಕಿದೊಡನೆ ಕೊಳೆತ ಮೊಟ್ಟೆಯ ವಾಸನೆ ಬಂದದ್ದರಿಂದ ಅದನ್ನು ತೊಳೆದು ಬಳಸುವ ಆಸೆ ಬಿಟ್ಟು ಎಲ್ಲವನ್ನೂ ಹೊರಗೆ ಹಾಕಿದೆ.

ಈ ನಡುವೆ ಎರಡು ಸಲಹೆಗಳು ಬಂದವು, ಎರಡನ್ನೂ ಒಪ್ಪಲಿಲ್ಲ. ಕಲ್ಲನ್ನು ದೊಡ್ಡ ಹಂಡೆಯಲ್ಲಿ ಕುದಿಸಿ ಶುದ್ಧ ಮಾಡಿ ಎಂದು ಒಬ್ಬರು ಹೇಳಿದರು. ಸಮುದ್ರದ ಕಲ್ಲಿನ ಮೇಲೆ ಜೋಆಂಥಿಡ್ ಎಂಬ, ಹವಳದ ಬಳಗದ ಜೀವಿಗಳಿದ್ದರೆ ಅವುಗಳಲ್ಲಿ ಪಾಲಿಟಾಕ್ಸಿನ್ ಎಂಬ ಉಗ್ರ ವಿಷವಿರಬಹುದು. ಕುದಿಸಿದಾಗ ಅದು ಹಬೆಯೊಂದಿಗೆ ಉಸಿರಿಗೆ ಸೇರಿ ಮನೆಮಂದಿ ಆಸ್ಪತ್ರೆ ಸೇರಿದ ಪ್ರಸಂಗಗಳಿವೆ. ನನ್ನ ಕಲ್ಲಿನ ಮೇಲೆ ಅಂಥದ್ದೇನೂ ಇರಲಿಲ್ಲ, ಆದರೂ ಹಂಡೆಯನ್ನು ಒಲೆಗೆ ಏರಿಸಲಿಲ್ಲ. ಮುರ್ಡೇಶ್ವರದ ಕಡೆಯಿಂದ ಹವಳದ ಕಲ್ಲು ತರಿಸಿಕೊಡುತ್ತೇನೆ ಎಂದವರು ಇನ್ನೊಬ್ಬರು. ಅಲ್ಲಿನ ನೇತ್ರಾಣಿ ದ್ವೀಪದ ಸುತ್ತಲಿನ ಹವಳವಿರಲಿ, ಬೇರೆಲ್ಲಿಯದೇ ಇರಲಿ, 2001ರಲ್ಲಿ ಕೇಂದ್ರ ಸರ್ಕಾರ ಬಂಡೆ ಕಟ್ಟುವ ಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಗೆ ಸೇರಿಸಿದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಬೇಕಾದ ಅಡಿಗಲ್ಲುಗಳನ್ನು ಮನೆಯಲ್ಲೇ ಎರಕ ಹೊಯ್ಯುವುದೆಂದು ನಿಶ್ಚಯಿಸಿದೆ.

ಜನವರಿ 25ರಿಂದ ಮಾರ್ಚ್ 14: ಮರುವಾಯಿ ಚಿಪ್ಪಿನ ಅಡಿಗಲ್ಲುಗಳು

ನನ್ನಲ್ಲಿದ್ದ ಕಲ್ಲುಗಳೆಲ್ಲ ಉರುಟಾಗಿದ್ದವು. ಉರುಟು ಕಲ್ಲಿನ ಮೇಲೆ ಉರುಟು ಕಲ್ಲು ನಿಲ್ಲುವುದಿಲ್ಲವಾದ್ದರಿಂದ ಚಪ್ಪಟೆಯಾದ ಎರಡು ಅಡಿಗಲ್ಲುಗಳು ಬೇಕಾಗಿದ್ದವು. ಮುರಕಲ್ಲು (ಲ್ಯಾಟರೈಟ್) ಮನೆಯ ಸುತ್ತ ಬೇಕಾದಷ್ಟಿದೆ. ಆದರೆ ಅದು ಕಬ್ಬಿಣದ ಅಂಶ ತುಂಬಿದ ಕಲ್ಲು, ನೀರಿನಲ್ಲಿ ಪುಡಿಯುದುರುತ್ತದೆ. ಹಾಗಾಗಿ ಅಡುಗೆಮನೆಯಿಂದ ಸಿಗುವ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪುಗಳನ್ನು ಆರಿಸಿ, ತೊಳೆದು, ಒಣಗಿಸಿ, ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಕಡಲೆಬೇಳೆಯ ಗಾತ್ರಕ್ಕೆ ಕುಟ್ಟಿದೆ.

ಮೊದಲ ಸಲ ಒಂದು ಪಾಲು ಬಿಳಿ ಸಿಮೆಂಟ್, ಎರಡು ಪಾಲು ಚಿಪ್ಪು, ಮೂರು ಪಾಲು ಕಲ್ಲುಪ್ಪು ಬೆರೆಸಿದೆ. ಉಪ್ಪು ಆಮೇಲೆ ಕರಗಿಹೋಗಿ ಅದರ ಜಾಗದಲ್ಲಿ ರಂಧ್ರಗಳು ಉಳಿಯಬೇಕೆಂಬುದು ಉದ್ದೇಶ. ಉಳಿದದ್ದು ರಂಧ್ರಗಳು ಮಾತ್ರ: ನಾಲ್ಕನೆಯ ದಿನ ಎತ್ತಲು ಹೋದಾಗ ಅಡಿಗಲ್ಲು ರವೆಉಂಡೆಯಂತೆ ಕೈಯಲ್ಲೇ ಪುಡಿಯಾಯಿತು. ಎರಡನೆಯ ಸಲ ಉಪ್ಪನ್ನು ಒಂದು ಪಾಲಿಗೆ ಇಳಿಸಿ, ನೀರನ್ನು ಮಿಶ್ರಣ ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟೇ ಹಾಕಿದೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ಒದ್ದೆ ಮರಳು ತುಂಬಿ, ಅದರಲ್ಲಿ ಕೈಯಿಂದಲೇ ಗುಂಡಿ ಮಾಡಿ ಅಚ್ಚಾಗಿ ಬಳಸಿದೆ. ಅಡಿಭಾಗದಲ್ಲಿ ಮೂರು ಬೆರಳ ಗುರುತು ಒತ್ತಿದ್ದರಿಂದ ಪ್ರತಿ ಕಲ್ಲಿಗೂ ಮೂರು ಗಿಡ್ಡ ಕಾಲುಗಳು ಮೂಡಿದವು. ಎರಡು ದಿನದ ನಂತರ ಅಚ್ಚಿನಿಂದ ಬಿಡಿಸಿ, ಒಂದು ವಾರ ಒದ್ದೆ ಗೋಣಿ ಹೊದಿಸಿಟ್ಟೆ. ಎರಡೂ ಸೇರಿ ತೂಕ 5.5 ಕೆ.ಜಿ.

ಸಿಮೆಂಟಿನ ಕ್ಷಾರ ಬಿಡಿಸುವುದೇ ಇಲ್ಲಿ ನಿಜವಾದ ಕೆಲಸ, ಬೇರೆಲ್ಲ ಕಾಯುವುದು. ಮೊದಲ ದಿನ ನೆನೆಸಿದ ನೀರಿನ ಪಿಎಚ್ ನನ್ನ ಪರೀಕ್ಷಾ ಕಿಟ್ಟಿನ ಬಣ್ಣದ ಪಟ್ಟಿಯನ್ನೇ ಮೀರಿ ಹೋಗಿತ್ತು. ಮೂರು ದಿನಕ್ಕೊಮ್ಮೆ ಬಾವಿ ನೀರು ಬದಲಿಸಿದೆ. ನಾಲ್ಕನೆಯ ವಾರ 8.8ಕ್ಕೆ ಬಂದಾಗ ಸಾಕೆನಿಸಿತು, ಆದರೆ ನೀರು ಬದಲಿಸದೆ ಮೂರು ದಿನ ಬಿಟ್ಟು ಮತ್ತೆ ಅಳೆದರೆ 9ರ ಮೇಲಿತ್ತು. ನೀರು ಬದಲಿಸಿದ ಮರುದಿನವೇ ಅಳೆದು ಸಂತೋಷಪಟ್ಟರೆ ಮೋಸ ಹೋಗುತ್ತೇವೆ. ನಿಂತ ನೀರಿನಲ್ಲಿ ಸತತ ಮೂರು ದಿನ 8.3 ತೋರಿಸಿದ್ದು ಮಾರ್ಚ್ 14ರಂದು.

ಫೆಬ್ರವರಿ: ಅಂಟಿನ ಪ್ರಯೋಗಗಳು

ಕಾಯುವ ದಿನಗಳಲ್ಲಿ ಬೇಡವಾದ ಕಲ್ಲಿನ ಚೂರುಗಳನ್ನು ಜೋಡಿಸಿ ನೋಡಿದೆ. ಸೂಪರ್ ಗ್ಲೂ ಜೆಲ್ ಒಂದನ್ನೇ ಹಾಕಿ ಕಟ್ಟಿದ ಸಣ್ಣ ಕಮಾನು ಒಣಗಿದ್ದಾಗ ಬಂಡೆಯಂತಿತ್ತು. ಬಕೆಟ್ಟಿನ ಉಪ್ಪುನೀರಿನಲ್ಲಿ ಎರಡು ದಿನ ಇಟ್ಟು ಒಂದು ಪಕ್ಕ ಹಿಡಿದು ಎತ್ತಿದಾಗ ಚಟ್ಟೆಂದು ಬಿಟ್ಟುಕೊಂಡಿತು. ಈ ಅಂಟು ನೇರವಾಗಿ ಎಳೆದರೆ ಬಿಡುವುದಿಲ್ಲ, ಅಡ್ಡಲಾಗಿ ತಿರುಚಿದರೆ ನಿಲ್ಲುವುದಿಲ್ಲ. ಎರಡು ಭಾಗ ಕಲಸುವ ಎಪಾಕ್ಸಿ ಪುಟ್ಟಿ ಒಂದನ್ನೇ ಹಾಕಿದ್ದು ಗಟ್ಟಿಯೇನೋ ಆಯಿತು, ಆದರೆ ಒದ್ದೆ ಕಲ್ಲಿನ ಲೋಳೆಮೈಗೆ ಕಚ್ಚಿಕೊಳ್ಳದೆ ಕಟ್ಟಿಸಿದ ಹಲ್ಲಿನ ಸೆಟ್ಟಿನಂತೆ ಇಡಿಯಾಗಿ ಕಳಚಿ ಬಂತು. ಕಲ್ಲಿನ ಮೇಲೆ ಜೆಲ್, ಅದರ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಮತ್ತೆ ಜೆಲ್ ಹಚ್ಚಿ ಎರಡನೆಯ ಕಲ್ಲನ್ನು ಒತ್ತಿದ ಜೋಡಣೆ ಮಾತ್ರ ತಿಂಗಳಾದರೂ ಹಿಡಿದುಕೊಂಡಿತ್ತು. ಒಣ ಕಲ್ಲಿನ ಸಂದಿಗೆ ನುಣ್ಣನೆಯ ಮರಳು ತುಂಬಿ ತೆಳು ಸೂಪರ್ ಗ್ಲೂ ಸುರಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಆದರೆ ಆ ಕ್ಷಣದಲ್ಲಿ ಅದು ಬಿಸಿಯೇರಿ ಕಣ್ಣು ಉರಿಸುವ ಹೊಗೆ ಬಿಡುತ್ತದೆ. ಬಗ್ಗಿ ನೋಡುತ್ತಿದ್ದ ನಾನು ಅರ್ಧ ಗಂಟೆ ಕಣ್ಣು ತೊಳೆಯುತ್ತ ಕೂತೆ.

ಅದೇ ವಾರ ಮುರಕಲ್ಲಿನ ಪಾಗಾರ ರಿಪೇರಿಗೆ ಬಂದಿದ್ದ ಗಾರೆ ಮೇಸ್ತ್ರಿ ಚಹಾ ಕುಡಿಯುತ್ತ ನನ್ನ ಅಂಟಿನ ಟ್ಯೂಬುಗಳನ್ನೂ ಬಕೆಟ್ಟುಗಳನ್ನೂ ಬಹಳ ಹೊತ್ತು ನೋಡಿ ಹೇಳಿದರು: “ನೀವು ಕಲ್ಲನ್ನು ಅಂಟಿಸ್ಲಿಕ್ಕೆ ನೋಡ್ತೀರಿ ಮಾರಾಯ್ರೇ, ಕೂರಿಸ್ಲಿಕ್ಕೆ ನೋಡುವುದಿಲ್ಲ.” ಆಮೇಲೆ ಚಹಾದ ಲೋಟ ಕೆಳಗಿಟ್ಟು, ನನ್ನ ಒಂದು ಕಲ್ಲನ್ನು ಕೈಯಲ್ಲಿ ನಾಲ್ಕು ಸಲ ತಿರುಗಿಸಿ ಮತ್ತೊಂದರ ಮೇಲಿಟ್ಟು ಕೈ ಬಿಟ್ಟರು. ಅದು ಅಲುಗಲಿಲ್ಲ. ನಾನು ಅದೇ ಎರಡು ಕಲ್ಲುಗಳಿಗೆ ಮೂರು ಟ್ಯೂಬು ಅಂಟು ಸುರಿದಿದ್ದೆ. ಅಲುಗುವ ಸಂದಿಗೆ ಒಂದು ಚಕ್ಕೆ ಹೊಡೆದು ಬಿಗಿ ಮಾಡುವುದನ್ನೂ ತೋರಿಸಿಕೊಟ್ಟರು. ಅಂದಿನಿಂದ ನನ್ನ ಕ್ರಮ ಬದಲಾಯಿತು: ಅಂಟಿಲ್ಲದೆ ನಿಲ್ಲದ ಕಲ್ಲಿಗೆ ಅಂಟು ಹಚ್ಚುವುದಿಲ್ಲ.

ಕಲ್ಲುಗಳಿಗೆ ತೂತು ಕೊರೆದು ಒಂದಕ್ಕೊಂದು ಪೋಣಿಸಲು ಅವರು ಕೊಡಹೊರಟ 6 ಮಿ.ಮೀ. ಕಬ್ಬಿಣದ ಸರಳನ್ನು ಮಾತ್ರ ಬೇಡವೆಂದೆ. ಬದಲಿಗೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿಯ ತುಂಡೊಂದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿ ಉಪ್ಪುನೀರಿನ ಬಾಟಲಿಯಲ್ಲಿ ಹಾಕಿಟ್ಟಿದ್ದೆ. ಮೂರನೆಯ ವಾರ ರಬ್ಬರಿನಡಿ ಕಂದು ಚುಕ್ಕೆಗಳು ಕಾಣಿಸಿಕೊಂಡವು. ಕಲ್ಲಿನ ತೂತಿನೊಳಗೆ ಸಿಕ್ಕಿಕೊಂಡ ಕಡ್ಡಿಗೂ ಅದೇ ಗತಿಯಾಗುತ್ತದೆ. ಕೊನೆಗೆ 6 ಮಿ.ಮೀ. ಫೈಬರ್ ಗ್ಲಾಸ್ ಕಡ್ಡಿಗಳನ್ನು ತರಿಸಿದೆ.

ಮಾರ್ಚ್ 15: ನೆಲದ ಮೇಲೆ ಜೋಡಣೆ

ತೊಟ್ಟಿಯ ತಳದ ಅಳತೆಗೆ ರಟ್ಟು ಕತ್ತರಿಸಿ ನೆಲಕ್ಕೆ ಹಾಸಿದೆ. ಎದುರಿಗೂ ಎರಡು ಪಕ್ಕಕ್ಕೂ 7 ಸೆಂ.ಮೀ., ಹಿಂದೆ 5 ಸೆಂ.ಮೀ. ಬಿಟ್ಟು ಗೆರೆ ಎಳೆದೆ. ಗಾಜು ಉಜ್ಜುವ ಅಯಸ್ಕಾಂತವೂ ನನ್ನ ಕೈಯೂ ಹೋಗಿ ಬರುವಷ್ಟು ಜಾಗ ಅದು. ಹಿಂದಿನ ಸಲ ಹಿಂಬದಿಯ ಗಾಜಿಗೇ ಕಲ್ಲು ಒರಗಿಸಿದ್ದರಿಂದ ಅಲ್ಲಿ ಕಸ ಕೂತು, ಉಜ್ಜಲೂ ಆಗದೆ ಹಸಿರುಗಟ್ಟಿತ್ತು. ಎತ್ತರಕ್ಕೆ ಗೋಡೆಯ ಮೇಲೆ ಪೆನ್ಸಿಲಿನಿಂದ 33 ಸೆಂ.ಮೀ. ಗುರುತು ಹಾಕಿದೆ. ಅದನ್ನು ಮೀರಿ ಯಾವ ಕಲ್ಲೂ ಹೋಗಬಾರದು.

ಗೋಡೆ ಕಟ್ಟುವ ಬದಲು ಎರಡು ಪ್ರತ್ಯೇಕ ದಿಬ್ಬಗಳು. ಹಳೆಯ 32 ಕೆ.ಜಿ.ಯಲ್ಲಿ 19 ಕೆ.ಜಿ. ಮಾತ್ರ ಬಳಸಿದೆ, 4 ಕೆ.ಜಿ. ಸಂಪಿಗೆ ಹೋಯಿತು. (ಸಂಪ್ ಎಂದರೆ ನಮ್ಮೂರವರಿಗೆ ಅಂಗಳದಡಿಯ ನೀರಿನ ಟ್ಯಾಂಕು; ಇಲ್ಲಿ ಹೇಳುತ್ತಿರುವುದು ಸ್ಟ್ಯಾಂಡಿನೊಳಗಿನ ಫಿಲ್ಟರ್ ತೊಟ್ಟಿಯನ್ನು. ಕಲ್ಲನ್ನು ಸಂಪಿಗೆ ಹಾಕಿದೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಗಾಬರಿಯಾಗಿದ್ದರು.) ಉಳಿದದ್ದನ್ನು ಗೆಳೆಯನಿಗೆ ಕೊಟ್ಟೆ.

ಪ್ರತಿ ಕಲ್ಲನ್ನೂ ಹೀಗೆ ಪರೀಕ್ಷಿಸಿದೆ. ಇಟ್ಟ ಕಲ್ಲಿನ ಸುತ್ತಲೂ ಒಂದು ವಿಸಿಟಿಂಗ್ ಕಾರ್ಡನ್ನು ಸಂದಿಗೆ ತೂರಿಸುತ್ತ ಹೋದರೆ ಅದು ಎಲ್ಲೆಲ್ಲಿ ತಡೆಯುತ್ತದೋ ಅಲ್ಲಿ ಕಲ್ಲು ಕೂತಿದೆ ಎಂದು ಅರ್ಥ. ಕಡಿಮೆಯೆಂದರೆ ಮೂರು ಕಡೆ ತಡೆಯಬೇಕು, ಆ ಮೂರೂ ಒಂದೇ ಪಕ್ಕದಲ್ಲಿರಬಾರದು. ಅದಾದ ಮೇಲೆ ಪ್ರಯಾಣದ ಚೀಲ ತೂಗುವ ಕೊಕ್ಕೆ ತಕ್ಕಡಿಗೆ ನೈಲಾನ್ ದಾರ ಕಟ್ಟಿ, ತುದಿಗಲ್ಲಿಗೆ ಸುತ್ತಿ, ನಾಲ್ಕು ದಿಕ್ಕಿಗೂ ಅಡ್ಡಲಾಗಿ ಎಳೆದೆ. ಎಡದಿಬ್ಬದ ತುದಿಗಲ್ಲು 1.4 ಕೆ.ಜಿ. ತೋರಿಸುವಷ್ಟರಲ್ಲೇ ಸರಿಯಿತು. ಚಕ್ಕೆ ಹೊಡೆದ ಮೇಲೆ 2.1ಕ್ಕೆ ಏರಿತು.

ನೆಲದ ಮೇಲಿನ ಈ ಲೆಕ್ಕ ನೀರಿನೊಳಗೆ ನಿಲ್ಲುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಬಿದ್ದ ಅದೇ 3.8 ಕೆ.ಜಿ.ಯ ಕಲ್ಲನ್ನು ತಕ್ಕಡಿಗೆ ತೂಗುಹಾಕಿ ಡ್ರಮ್ಮಿನ ನೀರಿನಲ್ಲಿ ಇಳಿಸಿದರೆ ಮುಳ್ಳು 2.1ಕ್ಕೆ ಇಳಿಯಿತು. ಭಾರ ಇಳಿದಷ್ಟೂ ಕಲ್ಲಿನ ಹಿಡಿತವೂ ಇಳಿಯುತ್ತದೆ. ನೆಲದ ಮೇಲೆ ಅಲುಗದ ಕಲ್ಲು ನೀರಿನಲ್ಲಿ ಒಂದು ದೊಡ್ಡ ಬಸವನಹುಳು ಹತ್ತಿದರೂ ತುಯ್ಯಬಹುದು. ಆದ್ದರಿಂದ ನೆಲದ ಮೇಲೆ 4 ಕೆ.ಜಿ. ಎಳೆತಕ್ಕೆ ಸರಿಯದ ಕಲ್ಲನ್ನಷ್ಟೇ ಒಳಗಿಡುವುದೆಂದು ನಿಯಮ ಮಾಡಿಕೊಂಡೆ. ಇದು ಪುಸ್ತಕದ ಅಂಕಿಯಲ್ಲ, ನನ್ನ ಹೆದರಿಕೆಯ ಅಂಕಿ.

ಮಾರ್ಚ್ 22: ತೂತು ಮತ್ತು ಕಡ್ಡಿ

ನಾಲ್ಕು ಕೆ.ಜಿ. ತಲುಪಲು ಕಡ್ಡಿ ಬೇಕೇ ಬೇಕಾಯಿತು. ಡ್ರಿಲ್ಲಿಗೆ 7 ಮಿ.ಮೀ. ಕಲ್ಲಿನ ಬಿಟ್ ಹಾಕಿ ಮೊದಲ ಕಲ್ಲಿಗೆ ತೂತು ಕೊರೆಯುವಾಗ ಹ್ಯಾಮರ್ ಗುಂಡಿಯನ್ನು ಬಂದ್ ಮಾಡುವುದು ಮರೆತೆ. ಗೋಡೆಗೆ ಮೊಳೆ ಹೊಡೆಯುವ ಅಭ್ಯಾಸ. ಮೂರನೆಯ ಸೆಕೆಂಡಿಗೆ ಎಲ್ಲಕ್ಕಿಂತ ಚೆಂದದ, ಸೇತುವೆಯಂತಿದ್ದ ಕಲ್ಲು ನಡುವೆ ಸೀಳಿ ಎರಡಾಯಿತು. ಉಳಿದವನ್ನು ಹ್ಯಾಮರ್ ಇಲ್ಲದೆ, ನಿಧಾನ ವೇಗದಲ್ಲಿ, ಒದ್ದೆ ಟವೆಲ್ಲಿನ ಮೇಲಿಟ್ಟು ಕೊರೆದೆ. ಪ್ರತಿ ತೂತಿನ ಆಳ 3ರಿಂದ 4 ಸೆಂ.ಮೀ. ಇತ್ತು. ಮೇಲಿನ ಕಲ್ಲಿನ ತೂತು ಕೆಳಗಿನದಕ್ಕೆ ನೇರವಾಗಿ ಬರಲೆಂದು, ಕೆಳಗಿನ ತೂತಿನಲ್ಲಿ ತುದಿಗೆ ಲಿಪ್‌ಸ್ಟಿಕ್ ಹಚ್ಚಿದ ಗಿಡ್ಡ ಕಡ್ಡಿ ನಿಲ್ಲಿಸಿ, ಮೇಲಿನ ಕಲ್ಲನ್ನು ಅದರ ಮೇಲೆ ಒತ್ತಿ ಗುರುತು ತೆಗೆದುಕೊಂಡೆ. ಲಿಪ್‌ಸ್ಟಿಕ್ ಕೇಳದೆ ತೆಗೆದದ್ದಕ್ಕೆ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ. ಬಣ್ಣ ಉಳಿದ ಜಾಗವನ್ನು ಬಿಟ್ಟಿನಿಂದಲೇ ಕೊರೆದು ತೆಗೆದೆ.

ಫೈಬರ್ ಗ್ಲಾಸ್ ಕಡ್ಡಿಯನ್ನು ಕೈಗವಸು ಇಲ್ಲದೆ ಗರಗಸದಿಂದ ಕೊಯ್ದು ಎರಡು ದಿನ ಮುಂಗೈ ತುರಿಸಿಕೊಂಡೆ. ಆಮೇಲೆ ಮಾಸ್ಕ್ ಮತ್ತು ಕೈಗವಸು ಹಾಕಿ, ಕಡ್ಡಿಯನ್ನು ಬಕೆಟ್ಟಿನ ನೀರಿನೊಳಗೆ ಹಿಡಿದು ಕೊಯ್ದಾಗ ಧೂಳು ಏಳಲಿಲ್ಲ. ಎಡದಿಬ್ಬಕ್ಕೆ ಐದು, ಬಲದಿಬ್ಬಕ್ಕೆ ಮೂರು ಕಡ್ಡಿಗಳು ಬಿದ್ದವು. ಮೊದಲು ಅಂಟಿಲ್ಲದೆ ಎಲ್ಲವನ್ನೂ ಜೋಡಿಸಿ ಎಳೆದು ನೋಡಿದೆ: ಎಡದ್ದು 4 ಕೆ.ಜಿ.ಗೆ ಅಲುಗಲಿಲ್ಲ. ಆಮೇಲಷ್ಟೇ ಜೆಲ್ಲೂ ಪುಟ್ಟಿಯೂ ಬಂದವು. ಒಂದೊಂದು ದಿಬ್ಬವನ್ನೂ ಎರಡು ಭಾಗಗಳಾಗಿಯೇ ಉಳಿಸಿದೆ, ಏಕೆಂದರೆ 14 ಕೆ.ಜಿ.ಯ ಇಡೀ ದಿಬ್ಬವನ್ನು ತೊಟ್ಟಿಯ ಅಂಚಿನ ಮೇಲಿಂದ ಇಳಿಸುವಾಗ ಕೈ ಜಾರಿದರೆ ಜನವರಿಯ ಕಥೆ ಮತ್ತೆ ನಡೆಯುತ್ತದೆ.

ಮಾರ್ಚ್ 28 ಮತ್ತು 29: ಗಾಜಿನ ಮೇಲೆ

ಗಾಜಿಗೂ ಕಲ್ಲಿಗೂ ನಡುವೆ ಹಾಸಲು ಮೊದಲು 5 ಮಿ.ಮೀ. ಪಿವಿಸಿ ಫೋಮ್ ಹಾಳೆ ತಂದಿದ್ದೆ. ಅದು ಹಗುರವೆಂದು ಗೊತ್ತಿದ್ದೂ ತಲೆಗೆ ಹೋಗಿರಲಿಲ್ಲ. ಪರೀಕ್ಷೆಗೆಂದು ನಾಲ್ಕು ಇಂಚು ನೀರು ಹಾಕಿದಾಗ ಒಂದು ಮೂಲೆ ಎದ್ದು ನಿಂತಿತು. ಅದನ್ನು ತೆಗೆದು, ಫಾಲ್ಸ್ ಸೀಲಿಂಗ್ ದೀಪಗಳ ಕೆಳಗೆ ಹಾಕುವ ಚೌಕುಳಿ ಪ್ಲಾಸ್ಟಿಕ್ ಜಾಲರಿಯನ್ನು (ಅಂಗಡಿಯಲ್ಲಿ ಎಗ್ ಕ್ರೇಟ್ ಎಂದರೆ ಕೊಡುತ್ತಾರೆ) ಎರಡು ದಿಬ್ಬಗಳ ಅಡಿಯ ಅಳತೆಗೆ ಮಾತ್ರ ಕತ್ತರಿಸಿ ಹಾಸಿದೆ. ತಳಕ್ಕೆಲ್ಲ ಹಾಸಿದರೆ ಚೌಕಗಳಲ್ಲಿ ಕಸ ಕೂರುತ್ತದೆ. ಜಾಲರಿ ಇದ್ದರೆ ಕಲ್ಲಿನ ಚೂಪು ಗಾಜಿಗೆ ತಾಗುವುದಿಲ್ಲ, ಮೂರು ಕಾಲುಗಳ ಭಾರವೂ ಒಂದೇ ಬಿಂದುವಿನ ಮೇಲೆ ಬೀಳದೆ ಹರಡುತ್ತದೆ.

ಜಾಲರಿಯ ಮೇಲೆ ಚಿಪ್ಪಿನ ಅಡಿಗಲ್ಲು, ಅದರ ಮೇಲೆ ದಿಬ್ಬದ ಕೆಳಭಾಗ, ಕಡ್ಡಿಗಳ ಮೇಲೆ ಮೇಲ್ಭಾಗ. ಇಬ್ಬರು ಹಿಡಿದುಕೊಂಡು ಇಳಿಸಿದೆವು. ಇಳಿಸುವಾಗ ಎದುರಿನ ಗಾಜಿಗೆ ಒಳಗಿನಿಂದ ಹಳೆಯ ಯೋಗಾ ಚಾಪೆಯನ್ನು ನೇತುಹಾಕಿದ್ದೆ. ಮತ್ತೆ ತಕ್ಕಡಿಯ ಎಳೆತ. ಅದಾದ ಮೇಲೆ 20 ಕೆ.ಜಿ. ಅರಾಗೊನೈಟ್ ಮರಳನ್ನು ದಿಬ್ಬಗಳ ಸುತ್ತ ಒಂದು ಇಂಚಿನಷ್ಟು ಹರಡಿದೆ. ಕಲ್ಲು ಮೊದಲು, ಮರಳು ಆಮೇಲೆ. ಕಳೆದ ವರ್ಷ ಇದನ್ನು ಹಿಂದುಮುಂದು ಮಾಡಿದ್ದಕ್ಕೇ ಇಷ್ಟೆಲ್ಲ.

ನೀರನ್ನು ಊಟದ ತಟ್ಟೆಯ ಮೇಲೆ ಬೀಳುವಂತೆ ನಿಧಾನವಾಗಿ ತುಂಬಿದೆ. ಡ್ರಮ್ಮಿನ ಹಳೆಯ ನೀರನ್ನೂ ಆರ್‌ಒ ನೀರಿನಲ್ಲಿ ಕದಡಿದ ಹೊಸ ಉಪ್ಪುನೀರನ್ನೂ ಬೆರೆಸಿ ಸಾಂದ್ರತೆಯನ್ನು 1.025ಕ್ಕೆ ತಂದೆ. ತುಂಬಿದ ಮೇಲೆ ಕೊನೆಯ ಪರೀಕ್ಷೆಯಾಗಿ, ಎರಡೂ ವೇವ್‌ಮೇಕರ್‌ಗಳನ್ನು ಪೂರ್ತಿ ವೇಗಕ್ಕೆ ಇಟ್ಟು ಒಂದು ಇಡೀ ದಿನ ಓಡಿಸಿದೆ.

ಏಪ್ರಿಲ್: ಕಾಯುವುದು

ಅಮೋನಿಯ ನಾಲ್ಕನೆಯ ದಿನ 0.5 ಪಿಪಿಎಂಗೆ ಏರಿ, ಹದಿಮೂರನೆಯ ದಿನ ಸೊನ್ನೆಗೆ ಇಳಿಯಿತು. ಡ್ರಮ್ಮಿನಲ್ಲಿ ಕಲ್ಲನ್ನು ಒದ್ದೆಯಾಗಿಟ್ಟದ್ದು ಸಾರ್ಥಕವಾಯಿತು. ಏಪ್ರಿಲ್ 20ರಂದು ಕ್ಲೌನ್ ಮೀನುಗಳನ್ನು, ಒಂದು ವಾರ ಬಿಟ್ಟು ಗೋಬಿಯನ್ನೂ ಸೀಗಡಿಯನ್ನೂ ಮರಳಿ ತಂದೆ. ಸೀಗಡಿಯನ್ನು ತರಬೇಕೋ ಬೇಡವೋ ಎಂದು ಮನೆಯಲ್ಲಿ ಚರ್ಚೆ ನಡೆಯಿತು. ತಪ್ಪು ಸೀಗಡಿಯದಲ್ಲ ಎಂದು ಮಗಳು ವಾದಿಸಿ ಗೆದ್ದಳು.

ಖರ್ಚಿನ ಲೆಕ್ಕ: ಬಿಳಿ ಸಿಮೆಂಟ್ 190 ರೂಪಾಯಿ, ಕಲ್ಲುಪ್ಪು 60, ಎಗ್ ಕ್ರೇಟ್ ಜಾಲರಿ 650, ಫೈಬರ್ ಗ್ಲಾಸ್ ಕಡ್ಡಿ 480, ಡ್ರಿಲ್ ಬಿಟ್ ಎರಡು 170, ಸೂಪರ್ ಗ್ಲೂ 750, ಎಪಾಕ್ಸಿ ಪುಟ್ಟಿ 360, ಮರಳು 4,200, ಉಪ್ಪು 2,100. ಬಳಕೆಗೆ ಬಾರದ ಪಿವಿಸಿ ಹಾಳೆ 420, ಸ್ಟೀಲ್ ಕಡ್ಡಿ 140. ಒಟ್ಟು 9,520 ರೂಪಾಯಿ. ಮರಳಿನ ಮೇಲೆ ಕಲ್ಲು ಪೇರಿಸದೆ ಇದ್ದಿದ್ದರೆ ಇದರಲ್ಲಿ ಜಾಲರಿಯೂ ಕಡ್ಡಿಯೂ ಅಂಟೂ ಮಾತ್ರ ಬೇಕಾಗುತ್ತಿದ್ದವು.

ಜೂನ್ 7: ಈಗಿನ ಸ್ಥಿತಿ

ಸೀಗಡಿ ಮತ್ತೆ ಎಡದಿಬ್ಬದ ಅಡಿಯನ್ನೇ ಆರಿಸಿಕೊಂಡಿದೆ. ಮುಂಬದಿಯಿಂದ ಬಗ್ಗಿ ನೋಡಿದರೆ ಒಂದು ಕಡೆ ಮರಳೆಲ್ಲ ಹೋಗಿ ಬಿಳಿ ಜಾಲರಿಯ ಮೂರು ಚೌಕಗಳೂ ಅವುಗಳ ಮೇಲೆ ನಿಂತ ಅಡಿಗಲ್ಲಿನ ಗಿಡ್ಡ ಕಾಲೂ ಕಾಣುತ್ತವೆ. ದಿಬ್ಬ ಒಂದು ಕೂದಲೆಳೆಯಷ್ಟೂ ಸರಿದಿಲ್ಲ. ಗಾಜಿನ ಹೊರಗೆ ಅಂಟಿಸಿದ ಟೇಪಿನ ಗುರುತಿಗೆ ಹೋಲಿಸಿ ನೋಡುತ್ತಿದ್ದೇನೆ. ಗೀರೂ ಮಾರ್ಕರಿನ ಗುರುತನ್ನು ದಾಟಿಲ್ಲ.

ಬಲದಿಬ್ಬದ ತುದಿಯ ತೆಳು ಹಲಗೆಯಂಥ ಕಲ್ಲು ಮಾತ್ರ ಬೆರಳಿನಿಂದ ಒತ್ತಿದರೆ ಎರಡು ಮಿ.ಮೀ. ಆಡುತ್ತದೆ. ಅದಕ್ಕೆ ಒಂದೇ ಕಡ್ಡಿ ಹಾಕಿದ್ದೆ, ಒಂದೇ ಕಡ್ಡಿಯ ಮೇಲೆ ಕಲ್ಲು ಬುಗುರಿಯಂತೆ ತಿರುಗುತ್ತದೆ ಎಂಬುದನ್ನು ಆಗ ಯೋಚಿಸಿರಲಿಲ್ಲ. ಮುಂದಿನ ಸಲ ನೀರು ಬದಲಿಸುವಾಗ ಅದನ್ನು ತೆಗೆದು ಎರಡನೆಯ ತೂತು ಕೊರೆಯಬೇಕು.

ರಾತ್ರಿ ಈಗಲೂ ಸದ್ದು ಬರುತ್ತದೆ. ಮಳೆಯ ನಡುವೆ ಅದು ಸೀಗಡಿಯದೋ ಕಲ್ಲಿನದೋ ಎಂದು ಮಲಗಿದಲ್ಲಿಂದ ಗೊತ್ತಾಗುವುದಿಲ್ಲ. ಟಾರ್ಚನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ಪ್ರತಿ ಸಲವೂ ಎದ್ದು ಹೋಗಿ ನೋಡಿ ಬರುತ್ತೇನೆ.